ಬೀಗದಕೈಯ ಗೂಡು

ಪೋಸ್ಟ್ ಮಾಸ್ತರರು ಅಂದು ಬೆಳಿಗ್ಗೆ ಒಂದು ಅಚ್ಚುಕಟ್ಟಾದ ಕೆಲಸ ಮಾಡಿದರು. ಕೆಟ್ಟದ್ದೆಲ್ಲ ಅದರಿಂದಲೇ ಆಯಿತು.

ಹೆಂಡತಿ ತೀರಿಕೊಂಡು ಅಂದಿಗೆ ವರ್ಷ. ಸಂಜೆ ಮನೆಯಲ್ಲಿ ಪ್ರಾರ್ಥನೆ ಇತ್ತು. ಅದು ಮುಗಿದ ಮೇಲೆ ಆಕೆಯನ್ನು ಕುರಿತು ನಾಲ್ಕು ಮಾತಾಡುತ್ತೇನೆಂದು ಮಾಸ್ತರರು ದೇವರಿಗೆ ಮಾತು ಕೊಟ್ಟಿದ್ದರು. ಆಕೆ ಬದುಕಿದ್ದಷ್ಟು ಕಾಲ ಬಾಯಿಬಿಟ್ಟು ಒಂದು ಒಳ್ಳೆಯ ಮಾತನ್ನೂ ಆಡಿದವರಲ್ಲ. ಆಡಬಾರದೆಂದಲ್ಲ, ನಾಳೆ ಆಡಿದರಾಯಿತು ಎಂದು ಬಿಟ್ಟದ್ದು ಹಾಗೆಯೇ ಉಳಿದುಹೋಯಿತು.

ನಡುಮನೆಯಲ್ಲಿ ಆಕೆಯ ಬರವಣಿಗೆಯ ಮೇಜಿತ್ತು. ಆಕೆಯ ತಾತನ ಕಾಲದ್ದು, ತವರಿನಿಂದ ಬಂದದ್ದು. ಮುಂದಿನ ಓರೆ ಹಲಗೆಯನ್ನು ಕೆಳಕ್ಕಿಳಿಸಿದರೆ ಬರೆಯುವ ಜಾಗ. ಅದರ ಹಿಂದೆ ಸಾಲುಸಾಲಾಗಿ ಪುಟ್ಟ ಗೂಡುಗಳು. ಹಲಗೆಯನ್ನು ಎತ್ತಿ ಒತ್ತಿದರೆ ಬೀಗ ತಾನಾಗಿ ಬೀಳುತ್ತಿತ್ತು. ಆಫೀಸಿನಲ್ಲಿ ಊರಿನ ಕಾಗದಗಳನ್ನೆಲ್ಲ ತಪ್ಪದೆ ಗೂಡು ಸೇರಿಸುತ್ತಿದ್ದ ಮಾಸ್ತರರು ಮನೆಯಲ್ಲಿ ಮೂಗಿನ ಮೇಲಿನ ಕನ್ನಡಕವನ್ನೇ ಹುಡುಕುವವರು. ಹಾಗಾಗಿ ಆಕೆ ಗಂಡನ ಒಂದೊಂದು ವಸ್ತುವಿಗೂ ಒಂದೊಂದು ಗೂಡು ಗೊತ್ತುಮಾಡಿದ್ದಳು. ಕನ್ನಡಕಕ್ಕೆ ಒಂದು, ಪೆನ್ನಿಗೆ ಒಂದು, ಹಲ್ಲಿನ ಸೆಟ್ಟಿಗೆ ಒಂದು. ಆಕೆ ಹೋದ ಮೇಲೂ ಮಾಸ್ತರರು ಆ ಕ್ರಮವನ್ನು ವ್ರತದಂತೆ ನಡೆಸಿಕೊಂಡು ಬಂದಿದ್ದರು.

ಅಂದು ಹಲ್ಲಿನ ಸೆಟ್ಟನ್ನು ತೊಳೆದು, ಸಂಜೆಯ ಮಾತಿಗೆ ಚೊಕ್ಕಟವಾಗಿರಲಿ ಎಂದು ಡಬ್ಬಿಯಲ್ಲಿಟ್ಟು ಅದರ ಗೂಡಿಗೆ ಸೇರಿಸಿದರು. ಪೆನ್ನು, ಕನ್ನಡಕ ಸೇರಿಸಿದರು. ಒಂದು ಗೂಡು ಮಾತ್ರ ಖಾಲಿ ಉಳಿಯಿತು. ಕೈಯಲ್ಲಿ ಉಳಿದದ್ದು ಮೇಜಿನ ಬೀಗದಕೈ. ಪಾಪ, ಇದಕ್ಕೂ ಒಂದು ಮನೆ ಬಿಟ್ಟಿದ್ದಾಳಲ್ಲ ಎಂದು ಮಾಸ್ತರರ ಕಣ್ಣು ತೇವವಾಯಿತು. ಬೀಗದಕೈಯನ್ನು ಗೂಡಿನಲ್ಲಿ ಮಲಗಿಸಿ, ಹಲಗೆ ಎತ್ತಿ, ಭಕ್ತಿಯಿಂದ ಒತ್ತಿದರು.

ಟಿಕ್.

ಆ ಸದ್ದು ಕೇಳಿದ ಮೇಲೆ ನೆನಪಾಯಿತು: ಆಕೆ ಬೀಗದಕೈಯನ್ನು ಸದಾ ಕೊರಳ ದಾರದಲ್ಲಿ ಕಟ್ಟಿಕೊಂಡಿರುತ್ತಿದ್ದಳು.

ಎದುರುಮನೆಯಾಕೆ ಸಂಜೆಗೆಂದು ಹೂ ಕೊಡಲು ಬಂದಾಗ ಮಾಸ್ತರರು ಮೇಜಿನ ಮುಂದೆ ಮಂಡಿಯೂರಿ ಕುಳಿತಿದ್ದರು.

"ಏನಣ್ಣ, ಪ್ರಾರ್ಥನೆ ಸಂಜೆಗಲ್ವಾ?"

ಮಾಸ್ತರರು ಬಾಯಿ ತೆರೆದರು. ಮಾತಿನ ಬದಲು ಬರೀ ಗಾಳಿ ಬಂತು. ಬೆರಳಿಂದ ಬಾಯನ್ನು ತೋರಿಸಿದರು, ಮೇಜನ್ನು ತೋರಿಸಿದರು.

"ಅಯ್ಯೋ ದೇವರೇ, ಹಲ್ಲನ್ನ ಒಳಗಿಟ್ಟು ಬೀಗ ಹಾಕಿದ್ರಾ! ಬೀಗದಕೈ ಎಲ್ಲಿ?"

ಮಾಸ್ತರರ ಬೆರಳು ಮತ್ತೆ ಮೇಜಿನ ಕಡೆಗೇ ಹೋಯಿತು. ಆಕೆ ಕುರ್ಚಿ ಹಿಡಿದು ಕುಳಿತಳು.

"ಅಕ್ಕಂಗೆ ಗೊತ್ತಿತ್ತು ಕಣಣ್ಣ. 'ಇವರು ಒಂದಿನ ಹೀಗೆ ಮಾಡೇ ಮಾಡ್ತಾರೆ, ನಿನ್ನ ಹತ್ರ ಇರ್ಲಿ' ಅಂತ ಇನ್ನೊಂದು ಬೀಗದಕೈ ನಂಗೆ ಕೊಟ್ಟಿದ್ರು."

ಮಾಸ್ತರರ ಮುಖ ದೀಪ ಹಚ್ಚಿದಂತಾಯಿತು. ಎರಡೂ ಕೈ ಚಾಚಿದರು.

"ಅಕ್ಕ ಹೋದ್ಮೇಲೆ, ಇನ್ನೊಬ್ಬರ ವಸ್ತು ನಮ್ಮನೇಲಿ ಯಾಕೆ ಅಂತ ತಂದು ಇಟ್ಬಿಟ್ಟೆ. ನೀವು ಪ್ರಾರ್ಥನೆಗೆ ಕೂತಿದ್ರಿ, ಕರೀಲಿಲ್ಲ."

ಎಲ್ಲಿ ಎಂದು ಮಾಸ್ತರರ ಹುಬ್ಬು ಕೇಳಿತು.

"ಒಳಗೇ ಅಣ್ಣ. ಮೂಲೆಯ ಪುಟ್ಟ ಡ್ರಾಯರ್‌ನಲ್ಲಿ. ಭದ್ರವಾಗಿದೆ, ಯೋಚನೆ ಮಾಡ್ಬೇಡಿ."

ಮಾಸ್ತರರು ಚಾಚಿದ ಕೈಯನ್ನು ಹಾಗೆಯೇ ಜೋಡಿಸಿ ಕಣ್ಣು ಮುಚ್ಚಿದರು.

ಸುದ್ದಿ ಮಹಡಿ ಹತ್ತಿತು. ಅಲ್ಲಿಂದ ನಿವೃತ್ತ ಕಂಡಕ್ಟರು ಇಳಿದು ಬಂದರು. ಬಸ್ಸು ಬಿಟ್ಟರೂ ಗಂಟಲು ಬಿಟ್ಟಿರಲಿಲ್ಲ. "ಹಿಂದೆ ಸರೀರಿ, ಜಾಗ ಬಿಡಿ!" ಎಂದು ಕೂಗಿದರು, ಕೋಣೆಯಲ್ಲಿ ಇದ್ದವರೇ ಇಬ್ಬರು. ಎದುರುಮನೆಯಾಕೆಯ ಕೂದಲ ಪಿನ್ನು ಕಿತ್ತು ಬೀಗದ ಕಿಂಡಿಗೆ ತುರುಕಿ ತಿರುಗಿಸಿದರು. ಅರ್ಧ ಪಿನ್ನು ಕೈಗೆ ಬಂತು. ಉಳಿದರ್ಧ ಒಳಗೆ ನಿಂತಿತು.

"ಚಿಂತೆ ಬೇಡ ಮಾಸ್ತರೇ, ಅಲ್ಲಾಡಿಸಿದ್ರೆ ಬೀಗ ಸಡಿಲ ಆಗುತ್ತೆ."

ಮೇಜನ್ನು ಎರಡೂ ತೋಳಿಂದ ತಬ್ಬಿ ಅಲ್ಲಾಡಿಸಿದರು. ಒಳಗೆ ಡಬ್ಬಿ ಉರುಳಿತು, ಮುಚ್ಚಳ ಹಾರಿತು, ಹಲ್ಲು ಕಟಕಟ ಎಂದವು. ಮಾಸ್ತರರಿಗೆ ತಮ್ಮದೇ ಹಲ್ಲು ಬೇರೆ ಕಡೆಯಿಂದ ನಡುಗುವುದು ಕೇಳಿ ಮೈ ಜುಮ್ಮೆಂದಿತು.

ಕೊನೆಗೆ ಬಡಗಿ ಬಂದ. ಕಿಂಡಿಯಲ್ಲಿದ್ದ ಪಿನ್ನನ್ನು ನೋಡಿ, ಚೀಲದಿಂದ ಗರಗಸ ತೆಗೆದ. "ಕೊಯ್ಯೋದೇ ದಾರಿ. ಮೇಜು ಮೊದಲಿನ ಹಾಗಿರೋಲ್ಲ, ಈಗಲೇ ಹೇಳ್ತೀನಿ."

ಮಾಸ್ತರರು ಓಡಿಹೋಗಿ, ಶಾಲೆಗೆ ಒಲ್ಲದ ಮಗು ಮನೆಯ ಕಂಬ ಹಿಡಿಯುವಂತೆ ಮೇಜನ್ನು ಅಪ್ಪಿಕೊಂಡರು.

"ಹಲ್ಲು ಬೇಕೋ, ಮೇಜು ಬೇಕೋ? ಒಂದು ಹೇಳಿ ಸ್ವಾಮಿ."

ಮಾಸ್ತರರು ಹಲಗೆಯನ್ನು ಸವರಿದರು. ಆಕೆಯ ಮೊಣಕೈ ಊರಿ ಊರಿ ಅಲ್ಲಿ ಮರ ನುಣುಪಾಗಿತ್ತು. ಹಲ್ಲು ಹೋದರೆ ಹೋಗಲಿ, ಇದಕ್ಕೆ ಗಾಯವಾಗಬಾರದು. ಬಡಗಿ ಗರಗಸ ಒಳಗಿಟ್ಟ.

ಸಂಜೆಗೆ ಭಾವಮೈದುನ ತನ್ನ ಅಂಗಡಿಯ ವ್ಯಾನಿನಲ್ಲಿ ಕುರ್ಚಿಗಳನ್ನು ಹೇರಿಕೊಂಡು, ವಯಸ್ಸಾದ ತಾಯಿಯನ್ನೂ ಕರೆತಂದ. ಬೆಳಗಿನ ಗಲಾಟೆ ಅವನಿಗೆ ತಿಳಿಯದು. ಬಂದಾಗಲೆಲ್ಲ ಎತ್ತು ಕೊಳ್ಳುವವನಂತೆ ಆ ಮೇಜಿನ ಬೆನ್ನು ತಟ್ಟಿ, "ತಾತನ ವಸ್ತು ಭಾವ, ನಮ್ಮನೇಲಿ ಇರ್ಬೇಕಾದ್ದು," ಎನ್ನುವುದು ಅವನ ಅಭ್ಯಾಸ. ಅಂದೂ ತಟ್ಟಿದ.

ಪ್ರಾರ್ಥನೆ ಮುಗಿಯಿತು. ದೇವರಿಗೆ ಕೊಟ್ಟ ಮಾತು, ಹಲ್ಲಿಲ್ಲವೆಂದು ತಪ್ಪುವಂತಿಲ್ಲ. ಮಾಸ್ತರರು ಎದ್ದು ನಿಂತು ಮಾತಾಡಿದರು. ಅತ್ತರು, ಮತ್ತೆ ಮಾತಾಡಿದರು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ತಿಳಿಯದಿದ್ದರೂ ಎದುರುಮನೆಯಾಕೆ ಕಣ್ಣೊರೆಸಿಕೊಂಡಳು.

ಆಗ ಮೂಲೆಯಿಂದ ಅತ್ತೆಯ ದನಿ ಬಂತು. "ನಂಗೆ ತಿಳೀತದೆ, ನಾನು ಹೇಳ್ತೀನಿ." ಅವರಿಗೂ ಹಲ್ಲಿರಲಿಲ್ಲ. ಆದರೆ ಅವರು ಆ ಭಾಷೆಯಲ್ಲಿ ಪಳಗಿದವರು. ಮಾಸ್ತರರದು ಮೊದಲ ದಿನ.

ಮಾಸ್ತರರು ಒಂದೊಂದೇ ಮಾತು ಆಡಿದರು, ಅತ್ತೆ ಒಂದೊಂದೇ ಬಿಡಿಸಿ ಹೇಳಿದರು.

"'ಅವಳಿದ್ದಾಗ ಈ ಮನೇಲಿ ಏನೂ ಕಳೀತಿರ್ಲಿಲ್ಲ' ಅಂತಾರೆ ಅಳಿಯಂದಿರು."

ಮಾಸ್ತರರು ಹೌದೆಂದು ತಲೆಯಾಡಿಸಿ ಮುಂದಿನ ಮಾತು ಆಡಿದರು.

"'ಈಗ ಎಲ್ಲಾ ಅದರದರ ಗೂಡಲ್ಲೇ ಇದೆ. ನಾನೊಬ್ಬ ಎಲ್ಲಿದ್ದೀನೋ ಗೊತ್ತಿಲ್ಲ' ಅಂತಾರೆ."

ಕಂಡಕ್ಟರು ಗಟ್ಟಿಯಾಗಿ ಮೂಗು ಸೀಟಿದರು.

"'ಈ ಮೇಜನ್ನ ಯಾರು ಕೇಳಿದ್ರೂ ಕೊಟ್ಬಿಡ್ತೀನಿ...'"

ಮಾಸ್ತರರು ಮುಂದಿನ ಮಾತೂ ಆಡಿದ್ದರು: ಅದಕ್ಕೆ ಬದಲಾಗಿ ಅವಳು ಒಂದೇ ಒಂದು ಸಲ ಬಂದು, ಕನ್ನಡಕ ಎಲ್ಲಿಟ್ಟಿರಿ ಎಂದು ಬೈದು ಹೋಗಲಿ, ಅಷ್ಟು ಸಾಕು. ಅತ್ತೆಗೆ ಅದು ಪೂರಾ ತಿಳಿಯಿತು. ತಿಳಿದದ್ದರಿಂದಲೇ ಹೇಳಲಾಗಲಿಲ್ಲ. ಹೆತ್ತ ಕರುಳು, ಬಿಕ್ಕಿಬಿಕ್ಕಿ ಅತ್ತರು. ಎದುರುಮನೆಯಾಕೆ ಅವರನ್ನು ತೋಳು ಹಿಡಿದು ತನ್ನ ಮನೆಗೆ ಕರೆದೊಯ್ದು ಮಲಗಿಸಿದಳು.

ಭಾವಮೈದುನ ಮೆಲ್ಲಗೆ ಎದ್ದು ಮಾಸ್ತರರ ಕೈ ಹಿಡಿದ.

"ಭಾವ, ನಾನು ಕೇಳ್ತಾ ಇದ್ದೀನಿ."

ಮಾಸ್ತರರು ಬೇಡವೆಂದರು. ಕೂಗಿ ಹೇಳಿದರು. ಬರೆದು ತಿಳಿಸೋಣವೆಂದರೆ ಪೆನ್ನು ಮೇಜಿನೊಳಗೆ. ಓಡಿಹೋಗಿ ಮತ್ತೆ ಮೇಜನ್ನು ಅಪ್ಪಿಕೊಂಡರು.

"ನೋಡಿ, ಬೀಳ್ಕೊಡ್ತಾ ಇದ್ದಾರೆ," ಎಂದರು ಕಂಡಕ್ಟರು, ಕಣ್ಣೊರೆಸಿಕೊಳ್ಳುತ್ತ. "ದೊಡ್ಡ ಮನಸ್ಸು! ಹಿಂದೆ ಸರೀರಿ, ಒಂದು ಕೈ ಹಾಕಿ ಎಲ್ಲಾರೂ!"

ಒಂದು ಗೀರೂ ಬೀಳದಂತೆ, ಹಸುಗೂಸನ್ನು ಎತ್ತಿಕೊಂಡಂತೆ, ನಾಲ್ಕಾರು ಜನ ಮೇಜನ್ನು ವ್ಯಾನಿಗೆ ಏರಿಸಿದರು. ಭಾವಮೈದುನ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಅಂದಹಾಗೆ ಭಾವ, ಬೀಗದಕೈ ಎಲ್ಲಿ?"

ಮಾಸ್ತರರು ಹೇಳಿದರು. ಇದ್ದ ನಿಜವನ್ನೇ, ಬಿಡಿಸಿ ಬಿಡಿಸಿ, ಎರಡು ಸಲ ಹೇಳಿದರು.

ಭಾವಮೈದುನನ ಕಣ್ಣು ತುಂಬಿ ಬಂತು. "ಅಳ್ಬೇಡಿ ಭಾವ. ಅಮ್ಮನ್ನ ಕರ್ಕೊಂಡು ಹೋಗೋಕೆ ನಾಳೆ ಬರ್ತೀನಲ್ಲ, ಆಗ್ಲೇ ಕೊಡಿ."

"ರೈಟ್!" ಎಂದು ಕಂಡಕ್ಟರು ವ್ಯಾನಿನ ಬೆನ್ನಿಗೆ ಬಡಿದರು.

ವ್ಯಾನು ಬೀದಿಯ ಮೊದಲ ಹಳ್ಳಕ್ಕೆ ಇಳಿದು ಎದ್ದಿತು. ಮೇಜಿನೊಳಗೆ ಹಲ್ಲು ಕಟಕಟ ಎಂದವು. ಬೀದಿಯ ತಿರುವಿನವರೆಗೂ ಮಾಸ್ತರರಿಗೆ ಅದು ಕೇಳುತ್ತಲೇ ಇತ್ತು. ಆಡಬೇಕೆಂದಿದ್ದ ನಾಲ್ಕು ಮಾತನ್ನು ದಾರಿಯುದ್ದಕ್ಕೂ ಆಡಿಕೊಂಡು ಹೋಗುತ್ತಿರುವಂತೆ.