‘ರೀ’ ಎಂದರೆ ನಾನು

ಒಂದು ವಯಸ್ಸು ದಾಟಿದ ಮೇಲೆ ನಮ್ಮ ತಪ್ಪನ್ನು ಮುಖಕ್ಕೆ ಹೇಳುವವರು ಕಡಿಮೆಯಾಗುತ್ತಾರೆ. ಮಕ್ಕಳು ಗೌರವಕ್ಕೆ ಸುಮ್ಮನಿರುತ್ತಾರೆ. ಆಫೀಸಿನವರು ‘ಇನ್ನೇನು ರಿಟೈರ್ ಆಗ್ತಾರಲ್ಲ’ ಎಂದು ಸುಮ್ಮನಿರುತ್ತಾರೆ. ಹೆಂಡತಿಯೊಬ್ಬಳು ಹೇಳುತ್ತಾಳೆ ನಿಜ, ಆದರೆ ಅದು ಗೋಡೆ ಗಡಿಯಾರದ ಸದ್ದಿನಂತೆ ಕಿವಿಗೆ ರೂಢಿಯಾಗಿಬಿಟ್ಟಿರುತ್ತದೆ. ಹೀಗೆ ಹಾಯಾಗಿದ್ದ ನನಗೆ ಈಚೆಗೆ ಒಂದು ಮೊಬೈಲ್ ಆ್ಯಪ್ ಲೆಕ್ಕವಿಲ್ಲದಷ್ಟು ಸಲ ತಪ್ಪು, ತಪ್ಪು ಅಂದಿದೆ. ಅದು ಸಂಗೀತದ ಕಿವಿ ಪಳಗಿಸುವ ಆ್ಯಪ್. ಹಿಂದೆ ತಂಬೂರಿ ಮೀಟುತ್ತಾ ಒಂದು ಸ್ವರ ಕೇಳಿಸಿ, ಇದು ಯಾವುದು ಹೇಳು ಅನ್ನುತ್ತದೆ. ಹೇಳಿದ ಮೇಲೆ, ಈಗ ಹಾಡು ಅನ್ನುತ್ತದೆ. ಸರಿಯಾದರೆ ಪರದೆ ಹಸಿರು, ತಪ್ಪಾದರೆ ಕೆಂಪು. ನನ್ನ ಫೋನು ಹಸಿರಾಗಿದ್ದನ್ನು ನೋಡಿದವರು ಕಡಿಮೆ.

ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆ ಕಚೇರಿಯಲ್ಲಿ ಗುಮಾಸ್ತನಾಗಿರುವವನಿಗೆ ಸಂಗೀತ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ನನಗೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ನನ್ನ ಹೆಂಡತಿ ಲಕ್ಷ್ಮೀದೇವಿಗೆ. ಅವಳು ಪಾಠ ಹೇಳಿಸಿಕೊಂಡು ಹಾಡಿದವಳಲ್ಲ. ಆದರೆ ಅವಳ ತವರು ಕಲ್ಯಾಣದುರ್ಗದಲ್ಲಿ ಹಸೆಗೆ ಕೂರಿಸಲಿ, ಆರತಿ ಎತ್ತಲಿ, ತೊಟ್ಟಿಲಿಗೆ ಹಾಕಲಿ, ಮೊದಲ ಸಾಲು ಎತ್ತಿಕೊಡುವವಳು ಅವಳೇ. ಉಳಿದ ಹೆಂಗಸರು ಅವಳ ದನಿಯ ಹಿಂದೆ ಹಾಯಾಗಿ ನಡೆದುಕೊಂಡು ಬರುತ್ತಿದ್ದರು. ಹೋದ ವರ್ಷ ಅವಳಿಗೆ ಬೆಂಗಳೂರಿನಲ್ಲಿ ಥೈರಾಯ್ಡ್ ಆಪರೇಷನ್ ಆಯಿತು. ಕಾಯಿಲೆ ಹೋಯಿತು, ಜತೆಗೆ ಮೇಲಿನ ದನಿಯೂ ಹೋಯಿತು. ಇಂಥ ಆಪರೇಷನ್ ಆದವರಲ್ಲಿ ಕೆಲವರಿಗೆ ಹೀಗಾಗುತ್ತದೆ, ದಿನಾ ಸ್ವಲ್ಪ ಸ್ವಲ್ಪ ಸ್ವರ ಹಿಡಿದು ಅಭ್ಯಾಸ ಮಾಡಿದರೆ ಸುಧಾರಿಸುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು.

ಅವಳು ಮಾಡಲಿಲ್ಲ. ‘ಗಂಡಸ್ರ ದನಿ ಬಂದ್ಬುಟ್ಟೈತೆ, ಇದನ್ನ ಯಾರ್ ಕೇಳ್ತಾರೆ’ ಎಂದು ಒಂದು ಸಲ ಪಿಸುಗುಟ್ಟಿದವಳು ಆಮೇಲೆ ಮಾತನ್ನೇ ಕಡಿಮೆ ಮಾಡಿದಳು. ಕಾಫಿ ಆದರೆ ಲೋಟ ಕುಕ್ಕುವುದು, ಊಟವಾದರೆ ತಟ್ಟೆಗೆ ಚಮಚ ಬಡಿಯುವುದು, ಉಳಿದದ್ದೆಲ್ಲ ಕೈಸನ್ನೆ. ಮನೆ ಎಷ್ಟು ಶಾಂತವಾಯಿತು ಎಂದರೆ ನನಗೆ ಭಯವಾಗತೊಡಗಿತು. ಅಷ್ಟರಲ್ಲಿ ಕಲ್ಯಾಣದುರ್ಗದಿಂದ ಸುದ್ದಿ ಬಂತು: ಅವಳ ತಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುತ್ತಾರೆ, ಅಕ್ಕನೇ ಬಂದು ಹಾಡಬೇಕು. ಲಕ್ಷ್ಮೀದೇವಿ ಕೈಯಾಡಿಸಿ ‘ನಾನು ಬರಲ್ಲ’ ಎಂದು ಸನ್ನೆ ಮಾಡಿ ಅಡುಗೆಮನೆಗೆ ಹೋದಳು. ತವರಿನ ಕರೆಗೆ ಅವಳು ಬರಲ್ಲ ಅಂದದ್ದನ್ನು ನಾನು ಮೊದಲ ಸಲ ಕಂಡೆ.

ಅದಕ್ಕೇ ಈ ಆ್ಯಪ್ ಹಾಕಿಸಿಕೊಂಡು ಬಂದು ಅವಳ ಮುಂದೆ ಹಿಡಿದೆ. ಅವಳು ಫೋನನ್ನೂ ನನ್ನನ್ನೂ ಒಂದೇ ನೋಟದಲ್ಲಿ ಬದಿಗೆ ಸರಿಸಿದಳು. ದುಡ್ಡು ಕಟ್ಟದ ಆ್ಯಪ್ ಆದರೂ ಹಾಕಿಸಿದ್ದನ್ನು ಸುಮ್ಮನೆ ಬಿಡುವ ಜಾಯಮಾನ ನನ್ನದಲ್ಲ. ನಾನೇ ಶುರು ಮಾಡಿದೆ. ಮೇಲಿನ ಶ್ರುತಿ ನನಗೆ ಏರದೆ, ಅದನ್ನು ಎಷ್ಟು ಇಳಿಸಲು ಸಾಧ್ಯವೋ ಅಷ್ಟು ಇಳಿಸಿಟ್ಟುಕೊಂಡೆ.

ಸಂಗೀತ ಕಷ್ಟ ಎಂದು ಎಲ್ಲರಿಗೂ ಗೊತ್ತು. ಆದರೆ ನಮ್ಮೂರಲ್ಲಿ ಅದು ಯಾಕೆ ಇನ್ನೂ ಕಷ್ಟ ಎಂಬುದು ಹಾಡಲು ಕೂತವನಿಗೇ ಗೊತ್ತಾಗುವುದು. ಇಲ್ಲಿ ಕನ್ನಡ ತೆಲುಗು ಎರಡೂ ಒಂದೇ ಬಾಯಲ್ಲಿ ಓಡಾಡುತ್ತವೆ, ಹಾಗಾಗಿ ಸಪ್ತಸ್ವರಗಳಲ್ಲಿ ಅರ್ಧಕ್ಕರ್ಧ ನಮ್ಮ ದಿನಬಳಕೆಯ ಮಾತುಗಳು. ‘ಸಾ’ ಎಂದರೆ ಸಾರ್. ಕಚೇರಿಯಲ್ಲಿ ಊಟದ ಹೊತ್ತಿಗೆ ಮೆಲ್ಲಗೆ ‘ಸಾ...’ ಎಂದು ಎಳೆದರೆ, ನನ್ನ ಹಿಂದೆ ಸಾಹೇಬರು ಬಂದು ನಿಂತಿದ್ದಾರೆಂದು ಪಕ್ಕದ ಮೇಜಿನವರು ದಡಬಡಿಸಿ ಎದ್ದರು. ಮನೆಯಲ್ಲಿ ಜಗಲಿಯ ಮೇಲೆ ಕೂತು ‘ದಾ... ದಾ...’ ಎಂದರೆ ಎದುರುಮನೆಯ ಹಿಟ್ಟಿನ ಗಿರಣಿ ರಾಮಾಂಜಿ ಬಂದು ನಿಂತ. ನಮ್ಮ ಕಡೆಯ ತೆಲುಗಿನಲ್ಲಿ ‘ದಾ’ ಎಂದರೆ ಬಾ. ‘ಏಮಣ್ಣಾ, ಪಿಲಿಸ್ತಿವಿ?’ ಎಂದು, ಕರೆದದ್ದು ಯಾಕೆ ಎಂದು ಕೇಳಿದ. ನಾನು ಸ್ವರ ಕೈಬಿಟ್ಟರೆ ಆ್ಯಪ್ ಕೆಂಪಾಗುತ್ತದೆ ಎಂದು ಕಣ್ಣು ಮುಚ್ಚಿಕೊಂಡೇ ಕೆಳಗಿನ ಸ್ವರಕ್ಕೆ ಇಳಿದೆ: ‘ಪಾ...’ ಅದೇ ತೆಲುಗಿನಲ್ಲಿ ‘ಪಾ’ ಎಂದರೆ ಹೋಗೋಣ ನಡಿ. ರಾಮಾಂಜಿ ಓಡಿಹೋಗಿ ಗಿರಣಿ ನಿಲ್ಲಿಸಿ, ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿಕೊಂಡು ಬಂದು, ‘ಯಾಡಿಕಣ್ಣಾ ಪೋಯೇದಿ?’ ಎಂದ. ಎಲ್ಲಿಗೂ ಇಲ್ಲಪ್ಪ ಎಂದು ಹೇಳಲು ನಾಚಿಕೆಯಾಗಿ ಅವನ ಜತೆ ಬಸ್‌ಸ್ಟ್ಯಾಂಡಿನ ತನಕ ಹೋಗಿ ಟೀ ಕುಡಿದು ಬಂದೆ.

ಇವೆಲ್ಲಕ್ಕಿಂತ ನನ್ನನ್ನು ಗೋಳು ಹೊಯ್ದುಕೊಂಡದ್ದು ‘ರಿ’. ನಮ್ಮ ಸಂಗೀತದಲ್ಲಿ ಅದು ಒಂದಲ್ಲ, ಮೂರಂತೆ: ಕೆಳಗಿನದು, ನಡುವಿನದು, ಮೇಲಿನದು. ಇದನ್ನು ಓದಿದಾಗ ನನಗೆ ಧೈರ್ಯವೇ ಬಂದಿತ್ತು. ‘ರೀ’ ಎಂದರೆ ನಾನೇ ಅಲ್ಲವೇ? ಮದುವೆಯಾದಾಗಿನಿಂದ ಆ ಮೂರನ್ನೂ ಕೇಳಿಕೊಂಡೇ ಬಂದವನು. ಕಾಫಿ ಆಯಿತು ಎನ್ನುವ ರೀ ಕೆಳಗಿನದು. ಗ್ಯಾಸ್ ಮುಗಿಯಿತು ಎನ್ನುವುದು ನಡುವಿನದು. ನಮ್ಮ ತಂಗಿಯ ಫೋನು ಬಂದಾಗ ಏಳುವುದು ಮೇಲಿನದು. ಇಷ್ಟು ಅನುಭವ ಇಟ್ಟುಕೊಂಡು ಕೂತರೂ ಆ ಪಾಠದಲ್ಲಿ ಪರದೆ ಕೆಂಪು ಬಿಟ್ಟು ಬೇರೆ ಬಣ್ಣ ತೋರಿಸಲಿಲ್ಲ. ನೆನಪಿನಿಂದ ತೆಗೆಯಲು ಹೋದರೆ ಅವಳ ದನಿ ಕಿವಿಯಲ್ಲಿ ಸರಿಯಾಗಿ ಏಳುತ್ತಲೇ ಇರಲಿಲ್ಲ. ಕೆಲವೇ ತಿಂಗಳಲ್ಲಿ ಮರೆತೆನಲ್ಲ ಎಂದು ನನ್ನ ಮೇಲೇ ಕೋಪ ಬಂತು.

ಒಂದು ಭಾನುವಾರ ಬೆಳಿಗ್ಗೆ ಲಕ್ಷ್ಮೀದೇವಿ ನಡುಮನೆಯಲ್ಲಿ ಹುಣಸೆಹಣ್ಣಿನ ಸಿಪ್ಪೆ, ಬೀಜ ಬಿಡಿಸುತ್ತಿದ್ದಳು. ನಾನು ಕಂಬಕ್ಕೆ ಒರಗಿ ನಡುವಿನ ‘ರಿ’ಯ ಬೆನ್ನು ಹತ್ತಿದ್ದೆ. ಅವಳು ಒಮ್ಮೆ ತಲೆ ಎತ್ತಿ ನೋಡಿದಳು. ಆಮೇಲೆ ಬೆರಳು ಮೇಲಕ್ಕೆ ತೋರಿಸಿದಳು. ಸೆಕೆಯಾಗುತ್ತಿರಬೇಕೆಂದು ಎದ್ದು ಫ್ಯಾನು ಜೋರು ಮಾಡಿ ಬಂದು ಮತ್ತೆ ‘ರೀ...’ ಎಂದೆ. ಅವಳು ಇನ್ನಷ್ಟು ಸಿಟ್ಟಿನಿಂದ ಮೇಲಕ್ಕೆ ತೋರಿಸಿದಳು. ಫ್ಯಾನನ್ನು ಪೂರ್ತಿ ತಿರುಗಿಸಿದೆ. ಬಿಡಿಸಿಟ್ಟ ಸಿಪ್ಪೆಯೆಲ್ಲ ಮನೆ ತುಂಬ ಹಾರಾಡಿತು.

‘ಫ್ಯಾನಲ್ಲ ಕಣ್ರೀ, ರಿ! ಇನ್ನೊಂಚೂರು ಮ್ಯಾಲೆ ತಗಳ್ರಿ! ಬೆಳಗ್ಗಿಂದ ತಲೆ ತಿಂತಾ ಇದ್ದೀರ!’ ಎಂದು ಕೂಗಿ, ಆ ಸಿಟ್ಟಿನಲ್ಲೇ ‘ರೀ...’ ಎಂದು ಹಾಡಿ ತೋರಿಸಿದಳು. ದನಿ ಒರಟಾಗಿತ್ತು, ಕೆಳಗಿತ್ತು. ನನ್ನ ತೊಡೆಯ ಮೇಲಿದ್ದ ಫೋನು ಹಸಿರಾಯಿತು.

ಅವಳು ಹತ್ತಿರ ಬಂದು ಬಗ್ಗಿ ನೋಡಿದಳು. ‘ಇದೇನ್ ಅಂತೈತೆ?’

‘ಸರಿ ಅಂತೈತೆ.’

‘ಈ ಗೊಗ್ಗರು ದನೀಗಾ?’

‘ಅದಕ್ಕೆ ನಿನ್ನ ಹಳೇ ದನಿ ಗೊತ್ತಿಲ್ಲ. ಸ್ವರ ಸರಿಯಿದ್ರೆ ಸರಿ ಅಂತೈತೆ, ಅಷ್ಟೆ.’

ಅವಳು ಇನ್ನೊಮ್ಮೆ ಹಾಡಿದಳು. ಹಸಿರು. ಮತ್ತೂ ಒಮ್ಮೆ. ಹುಣಸೆ ಅಂಟಿದ ಕೈಯಲ್ಲೇ ನನ್ನ ಫೋನು ಕಿತ್ತುಕೊಂಡು ಕಂಬದ ಆ ಬದಿಗೆ ಹೋಗಿ ಕೂತಳು. ನನಗೆ ಕಣ್ಣು ತುಂಬಿ ಬಂತು. ಸಿಪ್ಪೆಯ ದೂಳು ಎಂದು ಹೇಳಿ ಹಿತ್ತಿಲಿಗೆ ಹೋದೆ. ಅಂದಿನಿಂದ ಫೋನು ನನ್ನ ಕೈಗೆ ಸಿಗುವುದು ಅದರ ಚಾರ್ಜು ಮುಗಿದಾಗ ಮಾತ್ರ.

ತೊಟ್ಟಿಲಿನ ಹಿಂದಿನ ದಿನ, ಪಾವಗಡದಲ್ಲಿ ಬಸ್ಸು ಬದಲಾಯಿಸಿ, ಇಬ್ಬರೂ ಕಲ್ಯಾಣದುರ್ಗ ಸೇರಿದೆವು. ಬರುತ್ತೇನೆ ಎಂದಿದ್ದಳೇ ಹೊರತು ಹಾಡುತ್ತೇನೆ ಎಂದಿರಲಿಲ್ಲ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ ಮೇಲೆ ಹೆಂಗಸರೆಲ್ಲ ಅವಳ ಮುಖ ನೋಡಿದರು. ನಾನು ಮೂಲೆಯಲ್ಲಿ ಕೂತು ಫೋನಿನ ತಂಬೂರಿ ಹಾಕಿದೆ, ಅದೇ ಇಳಿಸಿದ ಶ್ರುತಿ. ಅವಳು ಸೆರಗು ಸರಿಮಾಡಿಕೊಂಡು, ‘ನನ್ ದನಿ ಇಳಿದೈತೆ. ನೀವೂ ಇಳ್ಕೊಂಡ್ ಬನ್ರಮ್ಮ’ ಎಂದು ಮೊದಲ ಸಾಲು ಎತ್ತಿಕೊಂಡಳು. ಅದು ಅವಳ ಹಳೆಯ ದನಿಯಲ್ಲ. ಆದರೆ ಅವಳದೇ. ಎರಡನೆಯ ಸಾಲಿನ ನಡುವೆ ದನಿ ಒಡೆದು ನಿಂತುಬಿಟ್ಟಿತು. ಅವಳು ತಲೆ ತಗ್ಗಿಸಿದಳು.

ಅದನ್ನು ನೋಡಲಾರದೆ, ಗಂಡಸರು ಹಾಡುವ ಹಾಡಲ್ಲ ಎಂಬುದನ್ನೂ ಮರೆತು, ಉಳಿದ ಅರ್ಧ ಸಾಲನ್ನು ನಾನೇ ಗಟ್ಟಿಯಾಗಿ ಹಾಡಿ ಮುಗಿಸಿದೆ. ಮಗು ಬೆಚ್ಚಿ ಅಳತೊಡಗಿತು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಲಕ್ಷ್ಮೀದೇವಿ ತಲೆಯೆತ್ತಿ ‘ಅಯ್ಯೋ, ಸುಮ್ನಿರ್ರೀ! ಕೂಸು ಹೆದ್ರುಕೊಂಡೈತೆ!’ ಎಂದು ಜೋರಾಗಿ ನಕ್ಕಳು. ನಗುತ್ತಲೇ ಮಗುವಿನ ಎದೆ ತಟ್ಟುತ್ತಾ ಆ ಸಾಲನ್ನು ಮತ್ತೆ ಹಿಡಿದಳು. ಅಲ್ಲಿಂದ ಹಾಡು ಕೊನೆಯವರೆಗೆ ಎಲ್ಲೂ ನಿಲ್ಲಲಿಲ್ಲ. ಮಗು ನಿದ್ದೆಹೋಯಿತು.

ಊಟದ ಪಂಕ್ತಿಯಲ್ಲಿ ಅತ್ತೆ ತಾವೇ ಬಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ‘ನಮ್ಮಳಿಯ ಬಂಗಾರ ಕಣಮ್ಮ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ‘ನನ್ ಮಗಳು ನಗಾಡ್ಲಿ, ದನಿ ಬಿಡ್ಲಿ ಅಂತ ಬೇಕಂತ್ಲೇ ಅಂಗೆ ಅಪಸ್ವರ ಹಾಡವ್ರೆ. ಯಾರ್ಗ್ ಬತ್ತೈತೆ ಅಂಥಾ ಬುದ್ಧಿ?’ ಪಂಕ್ತಿಯವರೆಲ್ಲ ನನ್ನತ್ತ ಮೆಚ್ಚುಗೆಯಿಂದ ನೋಡಿದರು. ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದ ಲಕ್ಷ್ಮೀದೇವಿ ಒಂದು ಕ್ಷಣ ನನ್ನ ಮುಖ ನೋಡಿ, ನಗು ಉಕ್ಕದಂತೆ ತುಟಿ ಬಿಗಿಹಿಡಿದು ಮುಂದಿನ ಎಲೆಗೆ ಹೋದಳು. ನಾನು ಸಂಕೋಚದಿಂದ ತಲೆ ಬಗ್ಗಿಸಿ ಹೋಳಿಗೆ ಮುರಿದೆ. ನಿಮಗೆ ಮಾತ್ರ ಹೇಳುತ್ತೇನೆ: ನನ್ನ ಜೀವಮಾನದಲ್ಲಿ ನಾನು ಅಷ್ಟು ಶ್ರುತಿಬದ್ಧವಾಗಿ ಹಾಡಿದ್ದು ಅದೇ ಮೊದಲು ಎಂದುಕೊಂಡಿದ್ದೆ.