ಸೋದರಮಾವನ ಕೆಂಡದ ಲೆಕ್ಕ

ನನ್ನ ಸೋದರಮಾವ ಮನುಷ್ಯರನ್ನು ಮನುಷ್ಯರೆಂದು ನೋಡಿದವನೇ ಅಲ್ಲ. ಅವನ ಕಣ್ಣಿಗೆ ನಾವೆಲ್ಲ ಕೆಂಡಗಳು!

ಮಾವ ಕುಮಟೆಯ ಕಚೇರಿಯಲ್ಲಿ ಕಾರಕೂನ. ಸಾಹೇಬರ ತಲೆಯ ಮೇಲೆ ತೂಗುವ ಪಂಖದ ಗಾಳಿ ತನ್ನ ಮೇಜಿನ ತನಕ ಏಕೆ ಬರುವುದಿಲ್ಲ ಎಂದು ಯೋಚಿಸಿ ಯೋಚಿಸಿ ಈ ಹುಚ್ಚು ಹಿಡಿಯಿತಂತೆ. ಯಾರ ಮನೆಗೆ ಹೋದರೂ ಮೊದಲು ಕೋಣೆಯನ್ನು ಹೆಜ್ಜೆಯಲ್ಲಿ ಅಳೆಯುವುದು, ಕಿಟಕಿಯನ್ನು ಗೇಣಿನಲ್ಲಿ. ಆಮೇಲೆ ತಲೆ ಎಣಿಕೆ. ಒಬ್ಬ ಮನುಷ್ಯನೆಂದರೆ ಒಂದು ಸೌಟು ಕೆಂಡದ ಶೆಕೆ, ಲಾಟೀನಿಗೆ ಅರ್ಧ, ಸಿಟ್ಟು ಬಂದ ಹೆಂಗಸಿಗೆ ಒಂದೂವರೆ. ಈ ಕೊನೆಯ ಲೆಕ್ಕಕ್ಕೆ ಆಧಾರ ಯಾರೆಂದು ಅತ್ತೆಯ ಮುಂದೆ ಕೇಳುವ ಧೈರ್ಯ ಯಾರಿಗಿದೆ?

ಹೊನ್ನಾವರದಲ್ಲಿ ನಂಟರ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಮಾವ ನಡುಮನೆಯನ್ನು ಅಳೆದು, "ಇದು ಹನ್ನೆರಡು ಸೌಟು ತಡೀತದೆ. ಹದಿನಾರು ಜನ ಇದ್ದೀರಿ. ನಾಲ್ಕು ಜನ ಅಂಗಳಕ್ಕೆ ಇಳೀರಿ" ಎಂದ. ಮೊದಲು ಇಳಿದವರು ಗಂಡಿನ ತಂದೆ. ಇಳಿದವರು ಹಾಗೇ ಗಾಡಿ ಹತ್ತಿದರು.

ಸೀಮೆಎಣ್ಣೆಗೂ ರೇಷನ್ ಬಂದ ಯುದ್ಧದ ಕಾಲ. ಚಳಿಗಾಲದಲ್ಲಿ, ತವರಾದ ಮಿರ್ಜಾನದಲ್ಲಿ, ನನಗೆ ಎಂಟನೇ ತಿಂಗಳಿಗೇ ಹೆರಿಗೆಯಾಯಿತು. ಮಗಳು ಅಂಗೈಯಷ್ಟು, ಪಾದವೆಲ್ಲ ತಣ್ಣಗೆ. ಬೆಚ್ಚಗಿಟ್ಟರೆ ಉಳಿದೀತು ಎಂದಳು ಸೂಲಗಿತ್ತಿ. ಅಮ್ಮ ಬಾಣಂತಿ ಕೋಣೆಯ ಕಿಟಕಿಗೆ ಕಂಬಳಿ ಬಡಿದು, ದೊಡ್ಡ ಮಡಕೆಯ ತುಂಬ ಕೆಂಡ ತಂದಿಟ್ಟಳು. ನನಗೇ ಉಸಿರು ಕಟ್ಟಿತು.

ಸುದ್ದಿ ಕೇಳಿ ಮಾವ ಕುಮಟೆಯಿಂದ ಓಡಿ ಬಂದ. "ಇದೆಂತ ಅಕ್ಕಾ? ಕೂಸನ್ನ ಬೆಚ್ಚಗೆ ಇಡೂದಾ, ಹಪ್ಪಳದ ಹಾಗೆ ಸುಡೂದಾ?"

ಕಂಬಳಿ ಕಿತ್ತು ಕಿಟಕಿಯನ್ನು ಎರಡು ಬೆರಳು ತೆರೆದ. ಕೋಣೆ ಅಳೆದ. "ಎಂಟು ಸೌಟು ಬೇಕು. ಮಡಕೇಲಿ ಆರೇ ಇರಲಿ, ಉಳಿದದ್ದು ತೆಗೀರಿ. ನೀನೊಂದು, ಅಕ್ಕ ಒಂದು. ಆತು." ಕೂಸಿನ ತಲೆದೆಸೆಯಲ್ಲಿ ಒಂದು ಬಟ್ಟಲು ಕೊಬ್ಬರಿ ಎಣ್ಣೆ ಇಟ್ಟು, ಅದು ಗಟ್ಟಿಯಾಗತೊಡಗಿದರೆ ಕೂಡಲೇ ಕರೆಯಬೇಕೆಂದ.

"ಕೂಸಿನ ಲೆಕ್ಕ ಎಂತ ಮಾವ?" ಎಂದೆ.

ಅವನು ನೆಲ ನೋಡಿದ. "ಅದು ಈಗ ತಗೊಳ್ಳೂದು ಮಾತ್ರ, ಕೊಡೂದಿಲ್ಲ. ಸೊನ್ನೆ."

ಆಗ ನನಗೆ ಬಂದ ಸಿಟ್ಟು ಒಂದೂವರೆ ಸೌಟಿಗೂ ಹೆಚ್ಚೇ ಇತ್ತು. ಸಿಟ್ಟಿಗಿಂತ ಹೆಚ್ಚು ಹೆದರಿಕೆ.

ಮಾವ ಕಚೇರಿಗೆ ರಜೆ ಹಾಕಿ ಹೊಸ್ತಿಲಾಚೆ ಕೂತ. ಎಣ್ಣೆ ಮಬ್ಬಾದರೆ ಕೆಂಡ ಬದಲಿಸುವುದು, ಮತ್ತೆ ಕೂರುವುದು. ನಾಮಕರಣವೂ ಮುಗಿದು ಎಷ್ಟೋ ದಿನವಾದ ಮೇಲೆ, ಒಂದು ಬೆಳಿಗ್ಗೆ ಒಳಗೆ ಬಂದು ಕೂಸಿನ ಪಾದವನ್ನು ಮುಷ್ಟಿಯಲ್ಲಿ ಹಿಡಿದು ನೋಡಿದ. ಆಮೇಲೆ ಮಡಕೆಯಿಂದ ಒಂದು ಸೌಟು ಕೆಂಡ ಎತ್ತಿ ಅಂಗಳಕ್ಕೆ ಒಯ್ದು ಸುರಿದ.

"ಎಂತಕ್ಕೆ ತೆಗೆದೆಯೋ?" ಎಂದು ಅಮ್ಮ ಗಾಬರಿಯಾದಳು.

"ಇನ್ನು ಐದೇ ಸಾಕು ಅಕ್ಕಾ," ಎಂದ ಮಾವ. "ಕೋಣೇಲಿ ಈಗ ಮೂರು ಜನ ಇದ್ದೀರಿ."