ಮಳೆಗಾಲದಲ್ಲಿ ಬರಗಾಲದ ತಾಲೀಮು

ನಮ್ಮ ಸೋದರಮಾವನಿಗೆ ಮಳೆ ಕಂಡರೆ ಬರಗಾಲ ನೆನಪಾಗುತ್ತದೆ. ನಗಬೇಡಿ! ಜೋರು ಮಳೆ ಬಂದರೆ ಉಳಿದವರಿಗೆಲ್ಲ ಬಿಸಿ ಬೋಂಡ ನೆನಪಾದರೆ, ಇವರಿಗೆ ಒಣಗಿದ ಬೋರ್‌ವೆಲ್! ಒಮ್ಮೆ ಹೆಬ್ಬಾಳದ ಜಂಕ್ಷನ್ನಿನಲ್ಲಿ ನೀರು ನಿಂತು, ನಾನು ಬಸ್ಸಿನೊಳಗೆ ಒದ್ದಾಡುತ್ತಿದ್ದಾಗ ಮಾವನ ಫೋನು ಬಂತು.

“ಪುಟ್ಟೀ, ಎಷ್ಟು ನೀರು ನಿಂತಿದೆ?”

“ಮೊಣಕಾಲು ತನಕ ಇದೆ ಮಾವ.”

“ಅಯ್ಯಯ್ಯೋ, ಅಷ್ಟೂ ವೇಸ್ಟ್!”

ನಾನು ಮನೆ ಸೇರುತ್ತೇನೋ ಇಲ್ಲವೋ ಎಂಬ ಪ್ರಶ್ನೆ ಆಮೇಲೆ ಬಂತು. ಅದೂ ಪಕ್ಕದಿಂದ ಅಮ್ಮ ತಿವಿದ ಮೇಲೆ!

ಮಾವ ಯಶವಂತಪುರದಲ್ಲಿ ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತರಾದವರು. ಮದುವೆಯ ಗೊಡವೆಗೆ ಹೋಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಬ್ಬಿಗೆರೆಯ ನಮ್ಮ ಮನೆಗೆ ಬಂದು ಅಕ್ಕನ ಜೊತೆ ಉಳಿದುಬಿಟ್ಟರು. ಹಸಿರು ಬಾವುಟವನ್ನು ಕೆಲಸದ ಜೊತೆಗೇ ಬಿಟ್ಟರು, ಸೀಟಿಯನ್ನು ಮಾತ್ರ ಬಿಡಲಿಲ್ಲ.

ಹೆಬ್ಬಾಳದಲ್ಲಿ ನೀರು ನಿಂತ ಆ ವರ್ಷವೇ, ಧೋ ಎಂದು ಮಳೆ ಸುರಿಯುತ್ತಿದ್ದ ಒಂದು ಸಂಜೆ ಮಾವ ಬೀದಿಯವರನ್ನೆಲ್ಲ ಕರೆದು ಬೇಸಿಗೆಯ ಮೀಟಿಂಗ್ ಮಾಡಿದರು. ನಮ್ಮ ಹಜಾರದ ತುಂಬ ತೊಟ್ಟಿಕ್ಕುವ ಛತ್ರಿಗಳು! ಅಬ್ಬಿಗೆರೆ ಹಳ್ಳಿಯಾಗಿದ್ದ ಕಾಲದಿಂದಲೂ ಇಲ್ಲೇ ಇರುವ ಎದುರುಮನೆ ಮುನಿಯಮ್ಮನವರು ಸೆರಗಿನಲ್ಲಿ ತಲೆ ಒರೆಸಿಕೊಳ್ಳುತ್ತ ಕೇಳಿದರು.

“ಅಲ್ಲಾ ಸ್ವಾಮಿ, ಇಂಗೆ ಮಳೆ ಉಯ್ತಾ ಐತೆ, ನಿಮಗ್ಯಾವ ಬರಗಾಲ ಬಂತು?”

“ಬರಗಾಲ ಬಂದ್ಮೇಲೆ ಸೇರಿದ್ರೆ ಅದು ಮೀಟಿಂಗ್ ಆಗಲ್ಲ ಕಣಮ್ಮ, ಜಗಳ ಆಗುತ್ತೆ!”

ಮಾವನ ಯೋಜನೆ ಸರಳ. ಒಂದೇ ಕಡೆಯ ನೀರನ್ನು ನಂಬಿ ಕೂರಬಾರದು. ನಲ್ಲಿ, ಬೋರು, ಮಳೆನೀರು, ಕೊನೆಗೆ ಟ್ಯಾಂಕರು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಬೇಕು. ಅಷ್ಟಕ್ಕೇ ಸುಮ್ಮನಾದರೇ? ನೆಲದಡಿ ನೀರು ತುಂಬಿಡುವ ನಮ್ಮ ಸಂಪು, ಮುನಿಯಮ್ಮನವರ ಸಂಪು, ಪಕ್ಕದ ಮನೆಯ ಮೇಷ್ಟರ ಸಂಪು, ಮೂರಕ್ಕೂ ಪೈಪು ಎಳೆಸಿ ಬೀಗರಾಗಿಸಿದರು! ಬೋರ್‌ವೆಲ್‌ಗಳಿಗೆ ಪಾಳಿ ಬೇರೆ. ಒಂದು ಓಡುವಾಗ ಉಳಿದವಕ್ಕೆ ರಜೆ, ಒಳಗೆ ನೀರು ಊರಲಿ ಅಂತ. ಅಷ್ಟು ರಜೆ ನನ್ನ ಆಫೀಸಿನವರು ನನಗೂ ಕೊಟ್ಟಿಲ್ಲ.

ಆಮೇಲೆ ಶುರುವಾಯಿತು ನೋಡಿ ತಾಲೀಮು! ರೈಲ್ವೆಯಲ್ಲಿ ಅಪಘಾತವಾಗದಿದ್ದರೂ ಆದಂತೆ ನಟಿಸಿ ಅಭ್ಯಾಸ ಮಾಡುತ್ತಾರಂತೆ. ಮಾವನದು ಬರಗಾಲದ ಅಭ್ಯಾಸ. ಒಂದು ಭಾನುವಾರ ಬೆಳಗ್ಗೆ ಸೀಟಿ ಊದಿ, ಮೂರೂ ಮನೆಯ ವಾಲ್ವ್ ಬಂದ್ ಮಾಡಿಬಿಟ್ಟರು. ಸಂಜೆಯವರೆಗೆ ಹಿಡಿದಿಟ್ಟ ನೀರಿನಲ್ಲೇ ಬದುಕಬೇಕು. ಮೇಷ್ಟರು ಮೈಗೆಲ್ಲ ಸೋಪು ಹಚ್ಚಿಕೊಂಡು ಬಚ್ಚಲಿನಿಂದಲೇ ಕೂಗಾಡಿದರು. ಪಾಪ, ಅವರದಿರಲಿ, ಅವತ್ತೇ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು!

“ಒಂದಿನ ನಿಲ್ಸೋ, ಮಾನ ಹೋಗುತ್ತೆ!” ಎಂದು ಅಮ್ಮ ಅಂಗಲಾಚಿದಳು.

“ಬರಗಾಲ ನಮ್ಮನ್ನ ಕೇಳ್ಕೊಂಡು ಬರುತ್ತೇನಕ್ಕಾ?”

ತಟ್ಟೆ ತೊಳೆಯುವ ನೀರು ಉಳಿಯಲೆಂದು ಬಂದವರಿಗೆ ಮುತ್ತುಗದ ಎಲೆಯಲ್ಲಿ ಉಪ್ಪಿಟ್ಟು ಬಡಿಸಿದೆವು. ಹುಡುಗ ಕೈ ತೊಳೆಯಲು ಎದ್ದ. ಮಾವ ಒಂದು ಚೊಂಬು ಕೊಟ್ಟು, “ನಿಮ್ಮ ತಂದೆಯವರಿಗೂ ಸ್ವಲ್ಪ ಉಳಿಸಿ” ಎಂದರು! ಅಮ್ಮ ಅಡುಗೆಮನೆಗೆ ಓಡಿಹೋದಳು. ಹುಡುಗ ನಕ್ಕು, ನಿಜಕ್ಕೂ ಉಳಿಸಿದ. “ಇವನಿಗೇ ಕೊಡೋಣ ಕಣಕ್ಕಾ!” ಎಂದು ಮಾವ ಅವರೆದುರಿಗೇ ಘೋಷಿಸಿಬಿಟ್ಟರು. ಹಾಗೆ ನನ್ನ ಮದುವೆಯಾಯಿತು, ನಾನು ಯಲಹಂಕ ಸೇರಿದೆ.

ಎರಡು ವರ್ಷಕ್ಕೆ ಮಳೆ ಕೈಕೊಟ್ಟಿತು. ಮಾರ್ಚ್ ಬರುವಷ್ಟರಲ್ಲಿ ಸುತ್ತಮುತ್ತಲ ಬೋರುಗಳು ನೀರಿನ ಬದಲು ಗಾಳಿ ಉಗುಳತೊಡಗಿದವು. ಟ್ಯಾಂಕರಿನವರು ಫೋನೇ ಎತ್ತುತ್ತಿರಲಿಲ್ಲ. ನನಗೋ ದಿನ ತುಂಬುತ್ತಿತ್ತು! ಮಗಳ ಬಾಣಂತನ ತನ್ನ ಕೈಯಾರೆ ಮಾಡಬೇಕೆಂದು ಅಮ್ಮ ಎಂದಿನಿಂದಲೋ ಕಾದಿದ್ದಳು. ಆದರೆ ಬಾಣಂತಿಯ ನೀರೆಂದರೆ ದಿನಾ ಒಂದು ಹಂಡೆ! ಅದನ್ನು ಎಲ್ಲಿಂದ ತರುವುದು? ಅಮ್ಮ ಫೋನಿನಲ್ಲಿ, “ನೀನು ಅಲ್ಲೇ ಇದ್ದುಬಿಡೇ. ಇಲ್ಲಿ ಬಂದು ಒದ್ದೆ ಬಟ್ಟೇಲಿ ಮೈ ಒರೆಸ್ಕೊಳ್ಳೋ ಬಾಣಂತನ ಯಾತಕ್ಕೆ?” ಎಂದಳು.

ಮಾವ ಫೋನು ಕಿತ್ತುಕೊಂಡರು. “ಏನೂ ಯೋಚ್ನೆ ಮಾಡ್ಬೇಡ, ನೀನು ಬಾ. ನೀರು ನನ್ನ ಜವಾಬ್ದಾರಿ!”

ನಾನು ಆಸ್ಪತ್ರೆಯಿಂದ ಮಗುವಿನೊಂದಿಗೆ ಬರುವ ದಿನವೇ ನಮ್ಮ ಬೋರು ನಿಂತುಹೋಯಿತು. ಅಮ್ಮ ಖಾಲಿ ಹಂಡೆಯ ಮುಂದೆ ಕೂತುಬಿಟ್ಟಳು. ಮಾವನೋ, ಇದಕ್ಕಾಗಿಯೇ ಹುಟ್ಟಿದವರಂತೆ ಅಂಗಳಕ್ಕೆ ನುಗ್ಗಿದರು! ಪಾಳಿಯ ರಜೆಯಲ್ಲಿ ಮುನಿಯಮ್ಮನವರ ಬೋರಿನಲ್ಲಿ ನೀರು ಊರಿತ್ತು, ಅವರು ತಮ್ಮ ಕಡೆಯ ವಾಲ್ವ್ ತೆರೆದರು. ಎಲ್ಲರೂ ನಮ್ಮ ಸಂಪಿನೊಳಗೆ ಬಗ್ಗಿ ನೋಡುತ್ತ ನಿಂತೆವು. ಪೈಪು ಗುಳುಗುಳು ಎಂದಿತು, ಕೆಮ್ಮಿತು, ಆಮೇಲೆ ದಬದಬನೆ ನೀರು!

“ಬಂತು ಸ್ವಾಮಿ, ಬಂತು! ಬಾಣಂತಿ ನೀರು ಕಾಯಕ್ಕಿಡಿ!” ಎಂದು ಮುನಿಯಮ್ಮನವರು ಗೇಟಿನಿಂದಲೇ ಕೂಗಿದರು. ಮೇಷ್ಟರು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಗ್ಗೆ ಎಣ್ಣೆ ಹಚ್ಚಿ ನನ್ನನ್ನು ಬಚ್ಚಲಲ್ಲಿ ಕೂರಿಸಿದ ಅಮ್ಮ, ಬೆನ್ನಿನ ಮೇಲೆ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಸುರಿಯತೊಡಗಿದಳು. ಇಷ್ಟು ದಿನದ ಭಯ ಅವಳ ಕೈಯಲ್ಲೇ ಕೂತಿತ್ತು. ಹೊರಗೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ಮಾವನಿಗೆ ಆ ಸದ್ದು ಕೇಳಿಸಿರಬೇಕು.

“ಅಕ್ಕಾ, ಏನದು ಹನಿ ಹನಿ? ಧಾರಾಳವಾಗಿ ಹುಯ್ಯಿ! ಹುಡುಗಿ ತವರಿಗೆ ಬಂದಿದಾಳೆ.”

ಅಮ್ಮ ಚೊಂಬು ತುಂಬಿಸಿ ತುಂಬಿಸಿ ಹುಯ್ದಳು. ಅಳುತ್ತಲೇ ಹುಯ್ದಳು. ನಾನು ಕಣ್ಣು ಮುಚ್ಚಿ ತಲೆ ತಗ್ಗಿಸಿ ಕೂತೆ.